ಸಿಹಿ ಅಂದ್ರೆ ಮೂಗು ಮುರಿಯೋರಿಗೆ

ಹೋದ ತಿಂಗಳು ವೈಟ್‌ಫೀಲ್ಡಿನಲ್ಲಿರುವ ಗೆಳೆಯನ ಮನೆಗೆ ಊಟಕ್ಕೆ ಹೋಗಿದ್ದೆ. ಬರಿಗೈಲಿ ಹೋಗಬಾರದಲ್ಲ, ಜರ್ಮನಿಯಿಂದ ವಾಪಸ್ ಬರುವಾಗ ಸ್ವೆಟರಿನೊಳಗೆ ಸುತ್ತಿ ತಂದಿದ್ದ ಎರಡು ಬಾಟಲಿಗಳಲ್ಲಿ ಒಂದನ್ನು ಹಿಡಿದುಕೊಂಡು ಹೋದೆ. ಮೋಸೆಲ್ ನದಿ ದಂಡೆಯ ರೀಸ್ಲಿಂಗ್ ಔಸ್‌ಲೇಸೆ, 2001ರ ಬೆಳೆ. ಗೆಳೆಯ ಈಚೆಗೆ ಯಾವುದೋ ವೈನ್ ಕೋರ್ಸ್ ಮುಗಿಸಿದ್ದಾನೆ. ಬಾಟಲಿ ತಿರುಗಿಸಿ ತಿರುಗಿಸಿ ಲೇಬಲ್ ನೋಡಿದ. "ಏಳೂವರೆ ಪರ್ಸೆಂಟಾ? ಸ್ವೀಟ್ ಬೇರೆ! ಏನ್ ಗುರೂ, ಆರು ವರ್ಷ ಜರ್ಮನೀಲಿದ್ದು ಇದನ್ನ ತಂದಿದೀಯಲ್ಲ" ಅಂದ. ಕೂತಿದ್ದ ನಾಲ್ಕು ಜನ ನಕ್ಕರು. ಬಾಟಲಿ ಫ್ರಿಜ್ಜಿಗೆ ಹೋಯಿತು. ಮೇಜಿನ ಮೇಲೆ ಹದಿನಾಲ್ಕೂವರೆ ಪರ್ಸೆಂಟಿನ ಕೆಂಪು ವೈನ್ ಬಂತು. ಅದನ್ನು ಕುಡಿಯುತ್ತಾ ಖಾರದ ನಾಟಿ ಕೋಳಿ ಸಾರು ತಿಂದು ಎಲ್ಲರೂ ಹಾ ಹಾ ಅಂತ ಬಾಯಿಗೆ ಗಾಳಿ ಹಾಕಿಕೊಂಡರು. ಕೊನೆಗೆ ನನ್ನ ಬಾಟಲಿಯೂ ಹೊರಗೆ ಬಂತು ಅನ್ನಿ, ಫ್ರೂಟ್ ಸಲಾಡಿಗೆ ಸುರಿಯೋದಕ್ಕೆ.

ಊಟ ಹಾಕಿದವರ ಮನೇಲಿ ಜಗಳ ಆಡಬಾರದು ಅಂತ ಅವತ್ತು ಸುಮ್ಮನಿದ್ದೆ. ಇಲ್ಲಿ ಆಡ್ತೀನಿ.

ಮೊದಲು ಹೆಸರಿನಿಂದಲೇ ಶುರು ಮಾಡೋಣ. ಜರ್ಮನ್ ಭಾಷೆಯಲ್ಲಿ 'ಲೇಸೆನ್' ಅನ್ನೋ ಕ್ರಿಯಾಪದಕ್ಕೆ ಎರಡು ಅರ್ಥ. ಒಂದು ಓದುವುದು, ಇನ್ನೊಂದು ಆಯುವುದು. 'ಔಸ್‌ಲೇಸೆ' ಅಂದರೆ ಆರಿಸಿ ತೆಗೆದದ್ದು. ನಮ್ಮ ಅಮ್ಮಂದಿರು ಮೊರದಲ್ಲಿ ಅಕ್ಕಿ ಹಾಕಿಕೊಂಡು ಕಲ್ಲು, ನೆಲ್ಲು ಆರಿಸ್ತಾರಲ್ಲ, ಆ ಆರಿಸುವಿಕೆ. ಇಲ್ಲಿ ಮಾತ್ರ ಬೇಡದ್ದನ್ನು ಆರಿಸಿ ಎಸೆಯುವುದರ ಜೊತೆಗೆ ಬೇಕಾದ್ದನ್ನೂ ಆರಿಸಿ ಬೇರೆ ಇಡಬೇಕು. ಗೊಂಚಲಿನಲ್ಲಿ ಯಾವುದು ಪೂರ್ತಿ ಹಣ್ಣಾಗಿದೆ, ಯಾವುದಕ್ಕೆ ಒಳ್ಳೆಯ ಬೂಷ್ಟು ಹತ್ತಿದೆ, ಯಾವುದು ಬರೀ ಕೊಳೆತಿದೆ ಅಂತ ಒಂದೊಂದನ್ನೂ ನೋಡಬೇಕು. ಅಕ್ಷರಶಃ ಓದಬೇಕು ಅಂತಲೇ ಹೇಳಿ.

ಒಳ್ಳೆಯ ಬೂಷ್ಟು ಅಂದೆ. ಹೌದು, ಅಂಥದ್ದೊಂದು ಇದೆ. ಬೊಟ್ರೈಟಿಸ್ ಅನ್ನುವ ಶಿಲೀಂಧ್ರ. ಶರತ್ಕಾಲದಲ್ಲಿ ಬೆಳಿಗ್ಗೆ ನದಿಯಿಂದ ಮಂಜು ಏರಿ ಬಂದು, ಮಧ್ಯಾಹ್ನ ಬಿಸಿಲು ಬಿದ್ದರೆ ಇದು ಹಣ್ಣಾದ ದ್ರಾಕ್ಷಿಯ ಸಿಪ್ಪೆಯಲ್ಲಿ ಸಣ್ಣ ಸಣ್ಣ ತೂತು ಮಾಡುತ್ತದೆ. ಒಳಗಿನ ನೀರು ಆವಿಯಾಗಿ ಹೋಗುತ್ತದೆ. ಉಳಿಯುವುದು ಸಕ್ಕರೆ, ಹುಳಿ, ಪರಿಮಳ. ನೋಡಲಿಕ್ಕೆ ಅಸಹ್ಯ. ಬೂದು ಬಣ್ಣದ ರೋಮ ಹತ್ತಿದ ಒಣದ್ರಾಕ್ಷಿ ಥರ ಇರುತ್ತದೆ. ಜರ್ಮನ್ನರು ಇದಕ್ಕೆ 'ಎಡೆಲ್‌ಫಾಯ್ಲೆ' ಅಂತಾರೆ, ಕುಲೀನ ಕೊಳೆತ ಅಂದ ಹಾಗೆ. ರೈನ್ ದಂಡೆಯ ಯೋಹಾನಿಸ್‌ಬೆರ್ಗ್ ಅರಮನೆಯ ಕತೆಯನ್ನು ಅಲ್ಲಿ ಎಲ್ಲರೂ ಹೇಳುತ್ತಾರೆ. 1775ರಲ್ಲಿ ಕೊಯ್ಲಿಗೆ ಅಪ್ಪಣೆ ತರಬೇಕಿದ್ದ ಸವಾರ ಫುಲ್ಡಾದಿಂದ ತಡವಾಗಿ ಬಂದನಂತೆ. ಅಷ್ಟರಲ್ಲಿ ಹಣ್ಣು ಕೊಳೆತಿತ್ತಂತೆ. ಎಸೆಯೋ ಬದಲು ಹಿಂಡಿದರೆ ಹಿಂದೆಂದೂ ಕಾಣದ ವೈನ್ ಬಂತಂತೆ. ಆ ಸವಾರನ ಪ್ರತಿಮೆ ಅರಮನೆಯ ಅಂಗಳದಲ್ಲಿ ಈಗಲೂ ಇದೆ. ಕೆಲಸಕ್ಕೆ ಲೇಟಾಗಿ ಬಂದು ಪ್ರತಿಮೆ ಮಾಡಿಸಿಕೊಂಡವನು ಪ್ರಪಂಚದಲ್ಲಿ ಇವನೊಬ್ಬನೇ ಇರಬೇಕು.

ನಾನು ಒಂದೇ ಒಂದು ದಿನ ಈ ಕೊಯ್ಲಿಗೆ ಹೋಗಿದ್ದೇನೆ. ಅಕ್ಟೋಬರ್ ಕೊನೆ. ಬೆರ್ನ್‌ಕಾಸ್ಟೆಲ್‌ನಿಂದ ಸ್ವಲ್ಪ ಮುಂದೆ, ಒಬ್ಬ ಯಜಮಾನರು ಮತ್ತವರ ಹೆಂಡತಿ, ಇಬ್ಬರಿಗೂ ಎಪ್ಪತ್ತರ ಮೇಲೆ. ನಾನು ಆಗ ಕೋಬ್ಲೆನ್ಜ್‌ನಲ್ಲಿದ್ದೆ. ಅವರ ಹತ್ತಿರ ವರ್ಷಕ್ಕೆರಡು ಸಲ ಬಾಟಲಿ ಕೊಳ್ಳುತ್ತಿದ್ದ ಸಲಿಗೆ. ಕಾಫಿ ಸೀಮೆಯವನು, ಹಣ್ಣು ಕೊಯ್ಯೋದು ನನಗೇನು ಹೊಸತಾ ಅಂತ ಜಂಬದಲ್ಲಿ ಹೋದೆ. ಇಳಿಜಾರು ನೋಡಿದ ಮೇಲೆ ಜಂಬ ಇಳಿಯಿತು. ಅದು ಗುಡ್ಡ ಅಲ್ಲ ಮಾರಾಯ್ರೇ, ಗೋಡೆ. ಇನ್ನೂ ಕೆಳಗೆ ಬ್ರೆಮ್ ಅನ್ನೋ ಊರಿನ ಕಾಲ್ಮೊಂಟ್ ತೋಟ ಅರವತ್ತು ಡಿಗ್ರಿಗಿಂತ ಕಡಿದಾಗಿದೆಯಂತೆ. ನಾವಿದ್ದದ್ದು ಅಷ್ಟಿಲ್ಲ, ಆದರೆ ಕಾಲು ಜಾರಿದರೆ ನೇರ ನದಿಗೇ. ನೆಲದ ತುಂಬ ಸ್ಲೇಟು ಕಲ್ಲಿನ ಚೂರು. ಒಂದನೇ ಕ್ಲಾಸಲ್ಲಿ ನಾವು ಅ ಆ ತೀಡಿದ ಸ್ಲೇಟಿದೆಯಲ್ಲ, ಅದೇ ಜಾತಿಯ ಕಲ್ಲು. ಹಗಲು ಬಿಸಿಲು ಕುಡಿದು ರಾತ್ರಿ ಬಳ್ಳಿಗೆ ಶಾಖ ಕೊಡುತ್ತದೆ. ಅಷ್ಟು ಉತ್ತರದ ಚಳಿಯಲ್ಲಿ ರೀಸ್ಲಿಂಗ್ ಹಣ್ಣಾಗುವುದರ ಗುಟ್ಟು ಆ ಕಲ್ಲು, ಆ ಇಳಿಜಾರು, ಕೆಳಗಿನ ನದಿ. ಬಳ್ಳಿಗೆ ತಂತಿ ಇಲ್ಲ, ಒಂದೊಂದು ಬಳ್ಳಿಗೆ ಒಂದೊಂದು ಗೂಟ.

ಕೈಯಲ್ಲಿ ಎರಡು ಬಕೆಟ್. ದೊಡ್ಡದಕ್ಕೆ ಮಾಮೂಲಿ ಹಣ್ಣು, ಚಿಕ್ಕದಕ್ಕೆ ಆರಿಸಿದ್ದು. ನಮ್ಮ ಕಡೆ ಕಾಫಿ ಕುಯ್ಲಿನಲ್ಲಿ ಮೊದಲ ಸುತ್ತು 'ಫ್ಲೈ ಪಿಕಿಂಗ್' ಮಾಡ್ತೀವಿ. ಗಿಡದಲ್ಲಿ ಅಲ್ಲಲ್ಲಿ ಕೆಂಪಾದ ಹಣ್ಣನ್ನು ಮಾತ್ರ ತೆಗೆದು ಹಸಿರು ಬಿಟ್ಟು ಬರೋದು. ಆಳಿಗೆ ಕೂಲಿ ಜಾಸ್ತಿ, ಚೀಲ ತುಂಬೋದೇ ಇಲ್ಲ. ಅದೇ ಕತೆ ಇಲ್ಲಿ, ಆದರೆ ಗಿಡದಿಂದ ಗಿಡಕ್ಕಲ್ಲ, ಒಂದೇ ಗೊಂಚಲಿನೊಳಗೆ. ನಾನು ಒಂದು ಗೊಂಚಲು ಚಿಕ್ಕ ಬಕೆಟ್ಟಿಗೆ ಹಾಕಿದೆ. ಅಜ್ಜಿ ಬಂದು ಅದನ್ನೆತ್ತಿ ಮೂಸಿ, ನನ್ನ ಮೂಗಿಗೂ ಹಿಡಿದರು. ವಿನೆಗರ್ ವಾಸನೆ. ಕೆಟ್ಟ ಕೊಳೆತ. ಮಾತಾಡದೆ ನೆಲಕ್ಕೆ ಎಸೆದರು. ಆರು ಜನ ಬೆಳಗಿಂದ ಸಂಜೆವರೆಗೆ ಆರಿಸಿ, ಎಲ್ಲರ ಚಿಕ್ಕ ಬಕೆಟ್ಟೂ ಸೇರಿ ಒಂದು ತೊಟ್ಟಿ ತುಂಬಲಿಲ್ಲ. ನಾನು ಆ ರಾತ್ರಿ ಮೆಟ್ಟಿಲು ಹತ್ತಲಾರದೆ ಕೂತು ಕೂತು ಹತ್ತಿದೆ.

ಈಗ ಹೇಳಿ, ಇದನ್ನು ಫ್ರೂಟ್ ಸಲಾಡಿಗೆ ಸುರೀತೀರಾ?

"ಕಷ್ಟಪಟ್ಟು ಮಾಡಿದ ಮಾತ್ರಕ್ಕೆ ಒಳ್ಳೇದಾಗ್ಬೇಕಾ, ಸಕ್ಕರೆ ಸಕ್ಕರೆಯೇ" ಅಂತ ಗೆಳೆಯ ಕೇಳುತ್ತಾನೆ ಅಂತ ಗೊತ್ತು. ಸರಿ, ಲೆಕ್ಕ ಮುಚ್ಚಿಡಲ್ಲ. ಔಸ್‌ಲೇಸೆಯಲ್ಲಿ ಲೀಟರಿಗೆ ಸುಮಾರು 100 ಗ್ರಾಂ ಸಕ್ಕರೆ ಇದ್ದರೂ ಇರುತ್ತದೆ. ಕೋಲಾದಲ್ಲಿರುವಷ್ಟೇ. ಸಕ್ಕರೆ ಕಾಯಿಲೆಯವರು ದೂರ ಇರಬೇಕಾದ್ದು ನಿಜ. ಆದರೆ ನಾಲಿಗೆ ಗ್ರಾಂ ಅಳೆಯುವ ತಕ್ಕಡಿಯಲ್ಲ. ಹುಣಸೆ ಗೊಜ್ಜಿಗೆ ನಿಂಬೆಗಾತ್ರದ ಬೆಲ್ಲ ಹಾಕ್ತೀರಲ್ಲ, ಅದನ್ನ ಯಾರಾದರೂ ಸಿಹಿತಿಂಡಿ ಅಂತಾರಾ? ಹುಳಿ ಇಲ್ಲದ ಬೆಲ್ಲ ಪಾನಕ, ಬೆಲ್ಲ ಇಲ್ಲದ ಹುಳಿ ಹಲ್ಲು ಚುಳುಕು, ಎರಡೂ ಕೂಡಿದ ಮೇಲೆ ಮೂರನೆಯದೇ ಒಂದು ಹುಟ್ಟುತ್ತದೆ. ರೀಸ್ಲಿಂಗ್‌ನಲ್ಲಿರುವ ಹುಳಿ ಬೇರೆ ದ್ರಾಕ್ಷಿಗಳಲ್ಲಿ ಅಪರೂಪ. ಪೂರ್ತಿ ಹಣ್ಣಾದರೂ ಹುಳಿ ಬಿಟ್ಟುಕೊಡದ ಹಟಮಾರಿ ಅದು. ಆ ಹುಳಿಗೆ ಆ ಸಿಹಿ ಬೇಕು. ತಂಪು ನೆಲಮಾಳಿಗೆಯಲ್ಲಿ ಹುದುಗು ಪೂರ್ತಿ ಮುಗಿಯುವ ಮೊದಲೇ ನಿಲ್ಲುತ್ತದೆ, ಇಲ್ಲವೇ ನಿಲ್ಲಿಸುತ್ತಾರೆ. ಆಲ್ಕೋಹಾಲ್ ಆಗಬೇಕಿದ್ದ ಸಕ್ಕರೆ ಸಕ್ಕರೆಯಾಗೇ ಉಳಿಯುತ್ತದೆ, ಅದಕ್ಕೇ ಏಳೂವರೆ ಪರ್ಸೆಂಟ್. ಕಡಿಮೆ ಆಲ್ಕೋಹಾಲ್ ಅಂತ ನಕ್ಕವರು ಅವತ್ತು ಕೋಳಿ ಸಾರಿನ ಜೊತೆ ಬಾಯಿ ಸುಟ್ಟುಕೊಂಡಿದ್ದು ಆ ಹದಿನಾಲ್ಕೂವರೆಯಿಂದ. ಖಾರಕ್ಕೆ ಆಲ್ಕೋಹಾಲ್ ಸುರಿದರೆ ಬೆಂಕಿಗೆ ಸೀಮೆಎಣ್ಣೆ ಸುರಿದ ಹಾಗೆ. ಆ ಸಾರಿಗೆ ಸರಿಹೊಂದುವ ವೈನ್ ಆ ಮನೆಯಲ್ಲಿ ಒಂದೇ ಇತ್ತು, ಫ್ರಿಜ್ಜಿನಲ್ಲಿ.

ಇನ್ನೊಂದು ಮಾತು. ಔಸ್‌ಲೇಸೆಯ ಸಿಹಿ ದ್ರಾಕ್ಷಿಯದ್ದು. ಹುದುಗುವ ಮೊದಲು ರಸಕ್ಕೆ ಸಕ್ಕರೆ ಬೆರೆಸುವುದನ್ನು ಜರ್ಮನ್ ಕಾನೂನು ಈ ದರ್ಜೆಯ ವೈನುಗಳಿಗೆ ನಿಷೇಧಿಸಿದೆ. ಆದರೆ ನಮ್ಮ ಕೋರ್ಸ್ ಮಾಡಿದವರು ಕೈಮುಗಿಯುವ ಫ್ರಾನ್ಸಿನ ಬರ್ಗಂಡಿಯಲ್ಲಿ, ಹಣ್ಣು ಸಾಲದ ವರ್ಷ ರಸಕ್ಕೆ ಚೀಲದ ಸಕ್ಕರೆ ಸುರಿದು ಆಲ್ಕೋಹಾಲ್ ಏರಿಸುವುದು ಕಾನೂನುಬದ್ಧ. ಸಕ್ಕರೆ ಪೂರ್ತಿ ಹುದುಗಿ ಹೋಗುವುದರಿಂದ ವೈನ್ 'ಡ್ರೈ'! ಮದುವೆಮನೆಗಳಲ್ಲಿ ಸ್ಟೈಲಾಗಿ ಹಿಡಿದು ನಿಲ್ಲುವ 'ಎಕ್ಸ್‌ಟ್ರಾ ಡ್ರೈ' ಪ್ರೊಸೆಕ್ಕೋ ಇದೆಯಲ್ಲ, ಅದರಲ್ಲಿ ನಿಯಮದ ಪ್ರಕಾರವೇ ಲೀಟರಿಗೆ 12ರಿಂದ 17 ಗ್ರಾಂ ಸಕ್ಕರೆ. ಡ್ರೈ ಅಂತ ಬರೆದಿದೆ, ಆದ್ದರಿಂದ ಡ್ರೈ. ಓದಿ ಕುಡಿಯುವವರ ಹಣೆಬರಹ.

ಹಾಗಾದರೆ ಸಿಹಿ ಜರ್ಮನ್ ವೈನಿಗೆ ಈ ಕೆಟ್ಟ ಹೆಸರು ಸುಮ್ಮನೆ ಬಂತಾ? ಇಲ್ಲ. ಇಲ್ಲಿ ನಾನು ಜರ್ಮನ್ನರ ಪರ ವಕಾಲತ್ತು ಮಾಡೋಕೆ ತಯಾರಿಲ್ಲ. ಬೆಂಕಿ ಹಚ್ಚಿದ್ದು ಅವರೇ.

1971ರಲ್ಲಿ ಒಂದು ಕಾನೂನು ತಂದರು. ಹಣ್ಣಿನ ದರ್ಜೆಯನ್ನು ಒಂದು ಸಂಖ್ಯೆಗೆ ಇಳಿಸಿದರು. ಓಕ್ಸ್‌ಲೆ ಡಿಗ್ರಿ ಅಂತ. ಒಂದು ಲೀಟರ್ ದ್ರಾಕ್ಷಿರಸ ಒಂದು ಲೀಟರ್ ನೀರಿಗಿಂತ ಎಷ್ಟು ಗ್ರಾಂ ಹೆಚ್ಚು ತೂಗುತ್ತದೆ ಅನ್ನುವ ಅಳತೆ. ಮೋಸೆಲ್‌ನ ರೀಸ್ಲಿಂಗ್‌ಗೆ 83 ಬಂದರೆ ಔಸ್‌ಲೇಸೆ. ಅಳತೆಗೋಲೇನೋ ಒಳ್ಳೆಯದೇ, ರೈತನಿಗೆ ಬೇಕು. ಆದರೆ ಯಾವ ಇಳಿಜಾರು, ಯಾವ ಕಲ್ಲು, ಯಾರು ಹೇಗೆ ಆರಿಸಿದರು ಅನ್ನುವುದು ಸಂಖ್ಯೆಯೊಳಗೆ ಎಲ್ಲಿ ಬರುತ್ತದೆ? ಪರೀಕ್ಷೆಯಲ್ಲಿ ಮಾರ್ಕ್ಸ್ ಮಾತ್ರ ನೋಡಿದರೆ ಏನಾಗುತ್ತದೋ ಅದೇ ಆಯಿತು, ಟ್ಯೂಷನ್ ದ್ರಾಕ್ಷಿಗಳು ಬಂದವು. ಬೇಗ ಸಕ್ಕರೆ ತುಂಬಿಕೊಳ್ಳುವ ಕಸಿ ತಳಿಗಳು. ಒಂದರ ಹೆಸರು ಓರ್ಟೆಗಾ. ಸ್ಪೇನಿನ ತತ್ವಜ್ಞಾನಿಯ ಹೆಸರಿಟ್ಟಿದ್ದಾರೆ, ಪಾಪ ಆತ. ಇಂಥವನ್ನು ಆಲೂಗೆಡ್ಡೆ ಬೆಳೆಯಬೇಕಾದ ಸಪಾಟು ಹೊಲದಲ್ಲಿ ಹಾಕಿದರೂ ಸಂಖ್ಯೆ ಬರುತ್ತದೆ. ಹುಳಿ ಇಲ್ಲ, ಪರಿಮಳ ಇಲ್ಲ, ಸಂಖ್ಯೆ ಇದೆ. ಮೇಲೆ ಅದೇ ಪದ: ಔಸ್‌ಲೇಸೆ. ಸಿಹಿ ಕಡಿಮೆ ಬಿದ್ದರೆ ಹುದುಗಿಸದ ದ್ರಾಕ್ಷಿರಸ ಬೆರೆಸಲೂ ಅವಕಾಶ ಇತ್ತು. ಹೊರಗಿನ ಸಕ್ಕರೆ ಅಲ್ಲ, ನಿಜ. ಆದರೆ ನೆಲಮಾಳಿಗೆಯಲ್ಲಿ ತಾನಾಗಿ ನಿಂತ ಸಿಹಿಗೂ ಕೊನೆಗೆ ಸುರಿದ ಸಿಹಿಗೂ ವ್ಯತ್ಯಾಸ ಕುಡಿದವರಿಗೆ ತಿಳಿಯುತ್ತದೆ.

ಅದೇ ಕಾನೂನು ತೋಟಗಳ ಹೆಸರನ್ನೂ ಕಲಸಿ ಹಾಕಿತು. ಸುಮಾರು 30 ಸಾವಿರ ಇದ್ದ ತೋಟದ ಹೆಸರುಗಳನ್ನು 2,600ರ ಆಸುಪಾಸಿಗೆ ಇಳಿಸಿತು. ಅದರ ಮೇಲೆ ಹತ್ತಾರು ಊರು ಸೇರಿಸಿ ದೊಡ್ಡ ದೊಡ್ಡ ಪಟ್ಟಿಗಳನ್ನು ಮಾಡಿ, ಅವಕ್ಕೂ ತೋಟದಂಥದ್ದೇ ಹೆಸರು ಕೊಟ್ಟಿತು. ಪೀಸ್‌ಪೋರ್ಟ್ ಊರಿನ ಎದುರು ನದಿಯ ತಿರುವಿನಲ್ಲಿ 'ಗೋಲ್ಡ್‌ಟ್ರೋಪ್‌ಶೆನ್' ಅನ್ನುವ ತೋಟ ಇದೆ, ಚಿನ್ನದ ಹನಿ ಅಂತ ಅರ್ಥ. ಹೆಸರಿಗೆ ತಕ್ಕ ಇಳಿಜಾರು. 'ಪೀಸ್‌ಪೋರ್ಟರ್ ಮಿಖೆಲ್ಸ್‌ಬೆರ್ಗ್' ಅಂತ ಇನ್ನೊಂದು ಲೇಬಲ್ ಸಿಗುತ್ತದೆ. ಅದು ತೋಟ ಅಲ್ಲ, ಸುತ್ತಲಿನ ಊರುಗಳ ಸಪಾಟು ಹೊಲಗಳನ್ನೆಲ್ಲ ಒಳಗೊಂಡ ಪ್ರದೇಶ. ಎರಡು ಲೇಬಲ್ಲೂ ಪಕ್ಕಪಕ್ಕ ಇಟ್ಟರೆ ಹೊರಗಿನವನಿಗೆ ವ್ಯತ್ಯಾಸ ಹೇಗೆ ಗೊತ್ತಾಗಬೇಕು? ಗೊತ್ತಾಗಬಾರದು ಅಂತಲೇ ಮಾಡಿದ್ದು, ನನ್ನನ್ನು ಕೇಳಿದರೆ. ಅಗ್ಗದ್ದು ದುಬಾರಿಯ ಅಂಗಿ ತೊಟ್ಟು ಸೂಪರ್‌ಮಾರ್ಕೆಟ್ಟಿಗೆ ಹೋಯಿತು. ವೊರ್ಮ್ಸ್ ಊರಿನ ಚರ್ಚಿನ ಪಕ್ಕದ ತೋಟದಿಂದ ಹೆಸರು ಪಡೆದ ಲೀಬ್‌ಫ್ರೌಮಿಲ್ಶ್ ಕೊನೆಗೆ ಯಾವ ಊರಿನದ್ದೂ ಅಲ್ಲದ ಸಕ್ಕರೆ ನೀರಾಗಿ ಇಂಗ್ಲೆಂಡು, ಅಮೆರಿಕಗಳಿಗೆಲ್ಲ ಹಡಗು ಹತ್ತಿತು.

ಇಷ್ಟಾದ ಮೇಲೆ 1985 ಬಂತು. ಆಸ್ಟ್ರಿಯಾದ ಕೆಲವು ವ್ಯಾಪಾರಿಗಳು ತೆಳ್ಳಗಿನ ವೈನಿಗೆ ಡೈಎಥಿಲೀನ್ ಗ್ಲೈಕಾಲ್ ಬೆರೆಸಿ, ದಪ್ಪಗೆ, ಸಿಹಿಯಾಗಿ ಕಾಣುವಂತೆ ಮಾಡಿ, ತಡ ಕೊಯ್ಲಿನ ಉತ್ತಮ ದರ್ಜೆ ಅಂತ ಅಗ್ಗಕ್ಕೆ ಮಾರುತ್ತಿದ್ದರು. ಆಂಟಿಫ್ರೀಜ್‌ಗೆ ಬಳಸುವ ರಾಸಾಯನಿಕ ಅದು. ಜರ್ಮನಿಯ ಕೆಲವು ಬಾಟ್ಲಿಂಗ್ ಕಂಪನಿಗಳು ಅಂಥ ವೈನನ್ನು ಗುಟ್ಟಾಗಿ ತಮ್ಮದರೊಳಗೆ ಕಲಸಿದ್ದೂ ಬಯಲಾಯಿತು. ಹೊಟ್ಟೆಕಿಚ್ಚಿನ ಮಾತಲ್ಲ, ಯೋಚನೆ ಮಾಡಿ: ಆರು ಜನ ಒಂದು ದಿನ ಆರಿಸಿ ತೊಟ್ಟಿ ತುಂಬದ ವೈನು ಸೂಪರ್‌ಮಾರ್ಕೆಟ್ಟಿನಲ್ಲಿ ಪುಡಿಗಾಸಿಗೆ ಸಿಗುತ್ತಿದೆ ಅಂದರೆ ಅದು ಎಲ್ಲಿಂದ ಬರಬೇಕು?

ಅವತ್ತಿನಿಂದ 'ಸಿಹಿ' ಅನ್ನುವುದು ಬೈಗುಳ ಆಯಿತು. 'ಟ್ರೋಕೆನ್', ಅಂದರೆ ಡ್ರೈ ಅನ್ನುವುದು ಪ್ರಾಮಾಣಿಕತೆಯ ಸರ್ಟಿಫಿಕೇಟ್ ಆಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅಂತಾರಲ್ಲ, ಹಾಗೆ. ತಪ್ಪು ಮಾಡಿದ್ದು ಸಪಾಟು ಹೊಲದ ಕಾರ್ಖಾನೆ, ಬರೆ ಬಿದ್ದದ್ದು ಇಳಿಜಾರಿನ ಅಜ್ಜ ಅಜ್ಜಿಗೆ. ಇವತ್ತು ಜರ್ಮನಿಯ ಒಳಗೇ ಒಳ್ಳೆಯ ರೆಸ್ಟೋರೆಂಟಿನಲ್ಲಿ ಔಸ್‌ಲೇಸೆ ಕೇಳಿದರೆ ವೇಟರ್ ಒಂದು ಕ್ಷಣ ನಿಮ್ಮನ್ನು ನೋಡುತ್ತಾನೆ. ಕೇಳಿ ನೋಡಿದ್ದೇನೆ. ದೊಡ್ಡ ಹೆಸರಿನ ತೋಟಗಾರರ ಸಂಘವೂ ತನ್ನ ಅತ್ಯುತ್ತಮ ತೋಟಗಳ 'ಗ್ರೋಸೆಸ್ ಗೆವೆಕ್ಸ್' ಪಟ್ಟವನ್ನು ಕಟ್ಟಿರುವುದು ಡ್ರೈ ವೈನಿಗೆ ಮಾತ್ರ. ನಾನು ಹೋಗುತ್ತಿದ್ದ ಅಂಗಡಿಯಲ್ಲಿ ಒಂದೇ ತೋಟದ ಡ್ರೈ ವೈನ್ ಔಸ್‌ಲೇಸೆಗಿಂತ ದುಬಾರಿ ಇತ್ತು. ಒಂದನ್ನು ಒಂದೇ ಸುತ್ತಿನಲ್ಲಿ ಕೊಯ್ದದ್ದು, ಇನ್ನೊಂದನ್ನು ಕಾಳು ಕಾಳಾಗಿ ಆರಿಸಿದ್ದು. ಡ್ರೈ ರೀಸ್ಲಿಂಗ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ, ನನಗೂ ಇಷ್ಟವೇ. ನನ್ನ ಜಗಳ ಅದರ ರುಚಿಯ ಮೇಲಲ್ಲ, ಅದನ್ನು ಹಿಡಿದುಕೊಂಡು ಬರುವ ಗತ್ತಿನ ಮೇಲೆ.

ಈ ಗತ್ತಿನವರ ಬಳಿ ಒಂದು ಚರಿತ್ರೆಯ ವಾದವೂ ಇದೆ. 19ನೇ ಶತಮಾನದಲ್ಲಿ ರೈನ್, ಮೋಸೆಲ್ ವೈನುಗಳು ಬೋರ್ಡೋದ ದೊಡ್ಡ ಹೆಸರುಗಳಷ್ಟೇ ಬೆಲೆ ಬಾಳುತ್ತಿದ್ದವು, ಆಗ ಅವುಗಳಲ್ಲಿ ಬಹಳಷ್ಟು ಇಷ್ಟು ಸಿಹಿ ಇರಲಿಲ್ಲ, ಸಿಹಿ ಅನ್ನುವುದು ಫಿಲ್ಟರ್ ಬಂದ ಮೇಲಿನ ರೋಗ ಅಂತ. ಅರ್ಧ ಸತ್ಯ. ದಿನಬಳಕೆಯ ವೈನ್ ಸಿಹಿಯಾಗಿದ್ದು ಈಚೆಗೆ, ಒಪ್ಪಿದೆ. ಆದರೆ ಒಳ್ಳೆಯ ವರ್ಷದಲ್ಲಿ ಆರಿಸಿದ ಹಣ್ಣಿನಿಂದ ಬಂದ ಸಿಹಿ ವೈನನ್ನು ಆ ಕಾಲದಲ್ಲೂ ತಲೆಮೇಲೆ ಹೊತ್ತುಕೊಂಡಿದ್ದರು. ಲೀಬ್‌ಫ್ರೌಮಿಲ್ಶ್ ಮೇಲಿನ ಸಿಟ್ಟಿಗೆ ಅಜ್ಜನ ಕಾಲದ ಆಸ್ತಿಯನ್ನೂ ತಿಪ್ಪೆಗೆ ಎಸೆಯುವುದು ಯಾವ ನ್ಯಾಯ?

"ಮಾರ್ಕೆಟ್ ಇದ್ದರೆ ತಾನಾಗೇ ಉಳಿಯತ್ತೆ, ಸಾವಿರಾರು ಯೂರೋ ಕೊಡೋರಿದಾರೆ" ಅಂತಲೂ ಅಂತಾರೆ. ಇದಾರೆ. ಸಾರ್ ನದಿಯ ಎಗೋನ್ ಮ್ಯೂಲರ್ ತೋಟದ 2003ರ ಟ್ರೋಕೆನ್‌ಬೇರೆನ್‌ಔಸ್‌ಲೇಸೆಯ ಬಾಟಲಿ 2015ರಲ್ಲಿ ಟ್ರಿಯರ್ ಹರಾಜಿನಲ್ಲಿ 12 ಸಾವಿರ ಯೂರೋಗೆ ಹೋಯಿತು. ಬೂಷ್ಟು ಹತ್ತಿ ಒಣಗಿದ ಕಾಳುಗಳನ್ನೇ ಆರಿಸಿ ಮಾಡಿದ್ದು, ಔಸ್‌ಲೇಸೆಗಿಂತ ಎರಡು ಮೆಟ್ಟಿಲು ಮೇಲಿನದು. ಅದು ಲಾಕರಿಗೆ ಹೋಗುವ ಮಾಲು. ನಾನು ಮಾತಾಡುತ್ತಿರುವುದು ಹದಿನೈದು ಇಪ್ಪತ್ತು ಯೂರೋದ ಔಸ್‌ಲೇಸೆಯ ಬಗ್ಗೆ. ಲಾಕರಿನವರು ಇಳಿಜಾರು ಉಳಿಸುವುದಿಲ್ಲ. ತಿಂಗಳಿಗೊಂದು ಬಾಟಲಿ ತೆಗೆದು ಊಟದ ಜೊತೆ ಕುಡಿಯುವವರು ಉಳಿಸಬೇಕು, ಅವರೇ ಇಲ್ಲ.

ಇಳಿಜಾರು ಹೋಗುತ್ತಿದೆ ಸ್ವಾಮಿ. 1990ರ ಹೊತ್ತಿಗೆ ಮೋಸೆಲ್ ಸೀಮೆಯಲ್ಲಿ 12 ಸಾವಿರ ಹೆಕ್ಟೇರಿಗೂ ಹೆಚ್ಚು ದ್ರಾಕ್ಷಿ ಇತ್ತು. ಈಗ 9 ಸಾವಿರಕ್ಕಿಂತ ಕೆಳಗಿದೆ. ಮೊದಲು ಹೋಗುವುದು ಯಂತ್ರ ಹತ್ತದ ಕಡಿದಾದ ತುಂಡುಗಳು. ನದಿ ದಂಡೆಯಲ್ಲಿ ರೈಲಿನಲ್ಲಿ ಹೋಗುವಾಗ ಕಾಣುತ್ತವೆ, ಅಚ್ಚುಕಟ್ಟು ಸಾಲುಗಳ ನಡುವೆ ಮುಳ್ಳುಪೊದೆ ಬೆಳೆದ ಚೌಕಗಳು, ಹಲ್ಲು ಬಿದ್ದ ಬಾಯಿಯ ಹಾಗೆ. ಕೊಯ್ಲಿಗೆ ಮೊದಲು ಪೋಲೆಂಡಿನಿಂದ ಜನ ಬರುತ್ತಿದ್ದರು, ಈಗ ರೊಮೇನಿಯಾದಿಂದ. ನಮ್ಮ ಕಾಫಿ ತೋಟಕ್ಕೆ ಅಸ್ಸಾಮಿನವರು ಬಂದ ಹಾಗೆ. ನಾನು ಹೋಗಿದ್ದ ಯಜಮಾನರ ಮಗ ಲಕ್ಸೆಂಬರ್ಗಿನಲ್ಲಿ ಕೆಲಸದಲ್ಲಿದ್ದಾನೆ. ದಿನಾ ಕಾರಿನಲ್ಲಿ ಹೋಗಿ ಬರುತ್ತಾನೆ, ಶನಿವಾರ ಬಳ್ಳಿ ಕಟ್ಟುತ್ತಾನೆ. ಅವನಿಗೆ ತೋಟ ಬೇಡ ಅಂತಲ್ಲ. "ಯಾರೂ ಕೇಳದ ವೈನಿಗೆ ಯಾಕೆ ಬೆನ್ನು ಮುರ್ಕೊಳ್ಳಲಿ" ಅಂದ. ನನಗೆ ಉತ್ತರ ಹೊಳೆಯಲಿಲ್ಲ.

ಮೇಲಿಂದ ಹವಾಮಾನ ಬೇರೆ ಆಟ ಆಡುತ್ತಿದೆ. ಹಿಂದೆ ಹತ್ತು ವರ್ಷದಲ್ಲಿ ಎರಡು ಮೂರು ಸಲ ಕಷ್ಟಪಟ್ಟು ಬರುತ್ತಿದ್ದ 83 ಓಕ್ಸ್‌ಲೆ ಈಗ ಬಿಸಿ ವರ್ಷಗಳಲ್ಲಿ ಕೇಳದೆಯೇ ಬರುತ್ತದೆ. ಒಳ್ಳೆಯ ತೋಟಗಾರರು ಕಾನೂನಿನ ಪ್ರಕಾರ ಔಸ್‌ಲೇಸೆ ಅನ್ನಬಹುದಾದ್ದನ್ನು ಒಂದು ಮೆಟ್ಟಿಲು ಇಳಿಸಿ ಸ್ಪೇಟ್‌ಲೇಸೆ ಅಂತಲೇ ಮಾರುತ್ತಾರೆ, ಮರ್ಯಾದೆಗೆ. ಮೈನಸ್ ಏಳು ಡಿಗ್ರಿಯಲ್ಲಿ ಹೆಪ್ಪುಗಟ್ಟಿದ ಹಣ್ಣು ಹಿಂಡಿ ಮಾಡುವ ಐಸ್‌ವೈನಂತೂ 2019ರ ಬೆಳೆಯಲ್ಲಿ ದೇಶದಲ್ಲೆಲ್ಲೂ ಆಗಲಿಲ್ಲ, ಅಷ್ಟು ಚಳಿಯೇ ಬೀಳಲಿಲ್ಲ. ಸಂಖ್ಯೆಗೆ ಕಟ್ಟಿದ ಕಾನೂನು ಎಷ್ಟು ಪೊಳ್ಳು ಅನ್ನುವುದಕ್ಕೆ ಸೂರ್ಯನೇ ಸಾಕ್ಷಿ ಹೇಳುತ್ತಿದ್ದಾನೆ. 83 ಬಂತು ಅಂತ ಔಸ್‌ಲೇಸೆ ಆಗಲ್ಲ. ಅಜ್ಜಿ ಮೂಸಿ ನೋಡಿದರೆ ಆಗುತ್ತದೆ.

ಆ ಕಡೆ ಹೋಗುವವರಿದ್ದರೆ, ಅಥವಾ ಫ್ರಾಂಕ್‌ಫರ್ಟಿನಲ್ಲಿ ಪ್ರಾಜೆಕ್ಟು ಅಂತ ಕೂತಿರುವ ನಮ್ಮ ಹುಡುಗರಿದ್ದರೆ, ಹೀಗೆ ಕೊಳ್ಳಿ. ಲೇಬಲ್ಲಿನಲ್ಲಿ ರೀಸ್ಲಿಂಗ್ ಅಂತ ಇರಲಿ. 'ಗುಟ್ಸ್‌ಆಬ್‌ಫ್ಯುಲುಂಗ್' ಅಂತ ಇದ್ದರೆ ಬೆಳೆದವರೇ ಬಾಟಲಿ ಮಾಡಿದ್ದಾರೆ ಅಂತ. ಮೋಸೆಲ್‌ನದಾದರೆ ಆಲ್ಕೋಹಾಲ್ ಏಳರಿಂದ ಎಂಟರ ಆಸುಪಾಸು, ನಗಬೇಡಿ. ಮಿಖೆಲ್ಸ್‌ಬೆರ್ಗ್ ಥರದ ದೊಡ್ಡ ಪಟ್ಟಿಯ ಹೆಸರಿದ್ದರೆ ವಾಪಸ್ ಇಡಿ. ಸಾಧ್ಯವಾದರೆ ಅಂಗಡಿ ಬಿಟ್ಟು ತೋಟಗಾರರ ಮನೆ ಬಾಗಿಲಿಗೇ ಹೋಗಿ, ಬೆಲ್ ಒತ್ತಿದರೆ ಅಜ್ಜಿ ಬಂದು ತೆಗೀತಾರೆ, ಹಳೆಯ ವರ್ಷದ್ದು ಇದೆಯಾ ಅಂತ ಕೇಳಿ. ಇರುತ್ತದೆ, ಯಾರೂ ಕೊಳ್ಳದೆ ಕೂತಿರುತ್ತದೆ. ಇಪ್ಪತ್ತು ವರ್ಷ ಕಳೆದ ಔಸ್‌ಲೇಸೆಯಲ್ಲಿ ಸಕ್ಕರೆ ಅಷ್ಟೇ ಇದ್ದರೂ ನಾಲಿಗೆಗೆ ಸಿಹಿ ಹಿಂದೆ ಸರಿದಿರುತ್ತದೆ. ಜೇನು, ಒಣಗಿದ ಏಪ್ರಿಕಾಟ್, ಮಳೆ ಬಿದ್ದ ಕಲ್ಲಿನ ಥರದ್ದೊಂದು ಪರಿಮಳ ಮುಂದೆ ಬಂದಿರುತ್ತದೆ. ಖಾರದ ಊಟದ ಜೊತೆ ಕುಡಿಯಿರಿ, ಚಿಕ್ಕ ಲೋಟದಲ್ಲಿ.

ವೈಟ್‌ಫೀಲ್ಡಿನ ಗೆಳೆಯ ಇದನ್ನು ಓದುತ್ತಾನೆ, ಗೊತ್ತು. ಗುರೂ, 2001ರದು ಇನ್ನೊಂದು ಬಾಟಲಿ ನನ್ನ ಹತ್ತಿರ ಇದೆ. ನಿಮ್ಮನೆಗೆ ತರಲ್ಲ. ನೀನೇ ಇಲ್ಲಿಗೆ ಬಾ, ಕೋಳಿ ಸಾರು ನಾನು ಮಾಡ್ತೀನಿ.